ಒತ್ತಿದರೆ ನೀರಾಗುವ ಆವಿ

ಬೆಳಗ್ಗೆ ಕೊಚ್ಚಿಯ ವೈಟ್ಟಿಲದ ನಮ್ಮ ಫ್ಲ್ಯಾಟಿನಲ್ಲಿ ಅಕ್ಕಿಹಿಟ್ಟಿನ ಪುಟ್ಟು ಬೇಯಿಸುವ ಕೊಳವೆಯನ್ನು ಒಲೆಯ ಮೇಲಿಟ್ಟಿದ್ದೆ. ಅದು ಬುಸುಗುಡುವುದನ್ನು ಕಂಡು ಒಂಬತ್ತನೇ ತರಗತಿಯ ಮಗಳು "ಅಚ್ಛಾ, ಗ್ಯಾಸ್ ವರುನ್ನು" ಎಂದಳು, ಅಪ್ಪಾ, ಗ್ಯಾಸ್ ಬರ್ತಿದೆ ಎಂದು. "ಗ್ಯಾಸ್ ಅಲ್ಲ, ಆವಿ" ಎಂದು ತಿದ್ದಿದೆ. ತಿದ್ದಿದ ಮೇಲೆ ನಾಲಿಗೆ ಕಚ್ಚಿಕೊಂಡೆ. ಅದು ನನ್ನ ಮಾತಲ್ಲ, ಶ್ಯಾಮ ಭಟ್ಟನದು.

ನನ್ನ ಮದುವೆಗೆ ಮೊದಲು ತಿರುವನಂತಪುರದಲ್ಲಿ ನನಗೂ ಅವನಿಗೂ ಒಂದೇ ಬ್ಯಾಂಕು, ಒಂದೇ ಬಾಡಿಗೆ ಮನೆ. ಪುತ್ತೂರು ಕಡೆಯವನು, ರಸಾಯನಶಾಸ್ತ್ರದಲ್ಲಿ ಎಂ.ಎಸ್ಸಿ. ನೀವೇ ಹೇಳಿ, ಇಷ್ಟು ಓದಿದವನನ್ನು ಬ್ಯಾಂಕು ಸುಮ್ಮನೆ ಬಿಡುತ್ತದೆಯೇ? ಹರಿದ ನೋಟು ಬದಲಿಸುವ ಕೌಂಟರಿನಲ್ಲಿ ಕೂರಿಸಿತ್ತು. ಆ ಸಿಟ್ಟನ್ನು ಅವನು ಅಡುಗೆಮನೆಯಲ್ಲಿ ತೀರಿಸಿಕೊಳ್ಳುತ್ತಿದ್ದ. ಮನೆಯೊಡತಿ ಅಮ್ಮಿಣಿ ಚೇಚಿ ಗ್ಯಾಸ್ ಮುಗಿಯಿತೇ ಎಂದು ಕೇಳಿದರೆ, ಸಿಲಿಂಡರಿನೊಳಗೆ ಇರುವುದು ದ್ರವ, ಹೊರಗೆ ಬರುವುದು ಆವಿ, ಗ್ಯಾಸ್ ಎಂಬುದು ಈ ಒಲೆಗೆ ಯಾವತ್ತೂ ಬಂದೇ ಇಲ್ಲ ಎಂದು ಅರ್ಧಂಬರ್ಧ ಮಲಯಾಳದಲ್ಲಿ ವಿವರಿಸುತ್ತಿದ್ದ. ಅವರು ತಾಳ್ಮೆಯಿಂದ ಕೇಳಿ, ಮುಗಿದಿರಬೇಕೆಂದು ಊಹಿಸಿ ಬುಕ್ ಮಾಡುತ್ತಿದ್ದರು. ಇಷ್ಟೆಲ್ಲ ಜ್ಞಾನವಿದ್ದರೂ ನಮ್ಮ ಚಪಾತಿ ಸೀಯುವುದು ತಪ್ಪಲಿಲ್ಲ.

ವ್ಯತ್ಯಾಸ ಬಹಳ ಸರಳ ಎನ್ನುತ್ತಿದ್ದ. ಆವಿಯನ್ನು ಒತ್ತಿದರೆ ಸಾಕು, ಮರಳಿ ದ್ರವವಾಗುತ್ತದೆ. ಗ್ಯಾಸನ್ನು ಎಷ್ಟೇ ಒತ್ತಿ, ಜಗ್ಗುವುದಿಲ್ಲ. ಮೊದಲು ಅದರ ಕಾವು ಇಳಿಯಬೇಕು. ಉದಾಹರಣೆಗೆ ತನ್ನನ್ನೇ ಕೊಡುತ್ತಿದ್ದ. "ನಾನು ಆವಿ ಮಾರಾಯ. ಅಮ್ಮ ಫೋನಲ್ಲಿ ಒಮ್ಮೆ ಒತ್ತಿದ್ರೆ ಸಾಕು, ಪುತ್ತೂರಲ್ಲಿ ಇರ್ತೇನೆ."

ಅಮ್ಮ ಒತ್ತಿದರು. ಊರಿಗೆ ವರ್ಗವೂ ಆಯಿತು. ನಾನು ಪಾಪದವನು, ಅವನ ಹಾಸಿಗೆ ಕಟ್ಟಲು ಹಗ್ಗ ತಂದೆ. ಅವನು ವರ್ಗ ಬೇಡವೆಂದು ಬರೆದುಕೊಟ್ಟು, ಪಕ್ಕದ ಕೌಂಟರಿನ ಸಿಂಧುವಿನ ಜೊತೆ ವಿಳಿಂಜಂಗೆ ಮೀನೂಟಕ್ಕೆ ಹೋಗಿದ್ದ. ಭಟ್ಟ, ಮೀನೂಟಕ್ಕೆ! ಆವಿಯ ಕಥೆ ಏನಾಯಿತು ಎಂದು ಕೇಳಿದೆ.

"ಒಂದು ಮಿತಿಗಿಂತ ಬಿಸಿಯಾದ್ರೆ ಆವಿಯೂ ಗ್ಯಾಸೇ ಆಗ್ತದೆ ಮಾರಾಯ," ಎಂದ. "ಮತ್ತೆ ಒತ್ತಿ ಪ್ರಯೋಜನ ಇಲ್ಲ."

ಹಗ್ಗದ ಮೇಲೆ ಬಟ್ಟೆ ಒಣಹಾಕಿದೆವು. ಮುಂದೆ ಅವರಿಬ್ಬರ ಮದುವೆಯೂ ಆಯಿತು.

ಈಗ ನನಗೂ ಮೈಸೂರಿಗೆ ವರ್ಗವಾಗಿದೆ. ವರ್ಷಗಟ್ಟಲೆ ಕಂಡಕಂಡವರ ಕಾಲು ಹಿಡಿದು ಪಡೆದದ್ದು. ಇಲ್ಲೇ ಹುಟ್ಟಿ ಬೆಳೆದ ಮಗಳು ಬರುವುದಿಲ್ಲ ಎನ್ನುತ್ತಾಳೆ. ಅವಳು ಹೊರಟರೆ ತಾನೂ ಹೊರಡುತ್ತೇನೆಂದು ಹೆಂಡತಿ ಕೈತೊಳೆದುಕೊಂಡಿದ್ದಾಳೆ. ಸುದ್ದಿ ಬಂದಾಗಿನಿಂದ ನಾನು ಒತ್ತುತ್ತಲೇ ಇದ್ದೇನೆ. ಅರಮನೆ ಎಂದೆ, ಅಜ್ಜಿ ಎಂದೆ, ಮೈಸೂರ್ ಪಾಕ್ ಎಂದೆ, ಏನೂ ನಡೆಯದಿದ್ದಾಗ ಅಪ್ಪ ಹೇಳಿದ ಹಾಗೆ ಕೇಳಬೇಕು ಎಂದೂ ಗುಡುಗಿದೆ. ಒತ್ತಿದಷ್ಟೂ ಅವಳ ಮಲಯಾಳ ಬಿರುಸಾಯಿತು. ಇವತ್ತೂ ಪುಟ್ಟು ಇಳಿಸುವ ಮೊದಲೇ "ಅಚ್ಛನ್ ಪೊಯ್ಕ್ಕೋ, ಞಾನ್ ವರಿಲ್ಲ" ಎಂದಳು. ನೀವು ಹೋಗಿ, ನಾನು ಬರುವುದಿಲ್ಲ ಎಂದು.

ಬಾಯಿಗೆ ಬಂದಿದ್ದ ಭಾಷಣ ನುಂಗಿಕೊಂಡು ಒಲೆಯ ಉರಿ ಆರಿಸಿದೆ. ಮೊದಲು ಕಾವು ಇಳಿಯಬೇಕಲ್ಲ. ಇಲ್ಲಿಂದ ಬಿಟ್ಟುಹೋಗಲಾಗದ್ದು ನಿನಗೆ ಯಾವುದು ಎಂದು ಮೊದಲ ಸಲ ಕೇಳಿದೆ. ಅವಳು ಗೆಳತಿಯರ ಹೆಸರು ಹೇಳಿದಳು, ಬೋಟಿನಲ್ಲಿ ಫೋರ್ಟ್ ಕೊಚ್ಚಿಗೆ ಹೋಗುವ ಭಾನುವಾರಗಳನ್ನು ಹೇಳಿದಳು, ಮೈಸೂರಿನ ಶಾಲೆಯಲ್ಲಿ ತನ್ನ ಕನ್ನಡ ಕೇಳಿ ನಗುತ್ತಾರೆಂಬ ಹೆದರಿಕೆಯನ್ನೂ ಹೇಳಿದಳು. ಅದು ನನಗೆ ಗೊತ್ತೇ ಇರಲಿಲ್ಲ. ನಡುವೆ ಒಂದು ಸಲವೂ ಬಾಯಿ ಹಾಕಲಿಲ್ಲ, ನನ್ನ ಮಟ್ಟಿಗೆ ಇದೊಂದು ದಾಖಲೆ. ಎಲ್ಲ ಹೇಳಿ ಮುಗಿಸಿ, ಪುಟ್ಟಿನ ತಟ್ಟೆ ಎಳೆದುಕೊಂಡು, "ನೋಡೋಣ ಅಪ್ಪ" ಎಂದಳು, ಕನ್ನಡದಲ್ಲಿ.

ಇದೇ ಸಮಯ, ಇನ್ನೊಂದು ಸಲ ಒತ್ತೋಣ ಎಂದು ನಾಲಿಗೆ ತುರಿಸಿತು. ಬಾಯಿ ತುಂಬ ಪುಟ್ಟು ತುರುಕಿಕೊಂಡೆ.