ಹೋದ ವಾರದ ಹಾಳೆ

ಮೊನ್ನೆ ಅರಂತೋಡಿನ ಅಂಗಡಿಯೊಂದರಲ್ಲಿ ಬಿಸಿ ನೆಲಗಡಲೆಯ ಪೊಟ್ಟಣ ಕೈಗಿಟ್ಟರು. ಕಡಲೆಗಿಂತ ಮೊದಲು ಮೂಗಿಗೆ ಬಡಿದದ್ದು ಪೇಪರಿನ ಶಾಯಿಯ ವಾಸನೆ. ಆ ವಾಸನೆ ಬಂದರೆ ನನಗೆ ಈಗಲೂ ಒಂದು ಗಳಿಗೆ ಸಂಶಯ ಏಳುತ್ತದೆ. ಯಾಕೆಂದು ಹೇಳಲು ತುಸು ಹಿಂದೆ ಹೋಗಬೇಕು. ನಿಮಗೆ ಪುರುಸೊತ್ತು ಉಂಟಲ್ಲ?

ನನಗೆ ಮೂವತ್ತನಾಲ್ಕು ತುಂಬುವಾಗ ಕಣ್ಣು ಪೂರ್ತಿ ಹೋಯಿತು. ಅದರ ಮೊದಲು ಶಾಲೆಯಲ್ಲಿ ಟೀಚರ್ ಆಗಿದ್ದೆ, ಪೇಪರು ಓದದೆ ಚಹಾ ಕುಡಿದವಳಲ್ಲ. ಹಾಗಾಗಿ ನನ್ನ ಗಂಡ ಆ ಕೆಲಸ ವಹಿಸಿಕೊಂಡರು. ಇವರದ್ದು ಜೀಪು. ಗುತ್ತಿಗಾರು ಪೇಟೆಯಿಂದ ಒಳಗಿನ ಗುಡ್ಡದ ಊರುಗಳಿಗೆ ಜನ ಸಾಗಿಸುವುದು. ದಿನಾ ಬೆಳಿಗ್ಗೆ ಜೀಪು ಹೊರಡಿಸುವ ಮೊದಲು ಅರ್ಧ ಗಂಟೆ ಕೂತು ನನಗೆ ಪೇಪರು ಓದುತ್ತಿದ್ದರು. ಹದಿನೇಳು ವರ್ಷ ಹಾಗೆ ನಡೆಯಿತು.

ಅದರಲ್ಲಿ ಹದಿನಾರನೆಯ ವರ್ಷ ಮನೆಗೆ ಸ್ಮಾರ್ಟ್‌ಫೋನ್ ಬಂತು. ತಂದದ್ದು, ಕಲಿಸಿದ್ದು ಎರಡೂ ಪಕ್ಕದ ಮನೆಯ ನಸೀಮಾ. ಅವಳ ಗಂಡ ಗಲ್ಫಿನಲ್ಲಿ. ಫೋನಿನ ಒಳಹೊರಗೆಲ್ಲ ಅವಳಿಗೆ ಗೊತ್ತು. ಪರದೆಯ ಮೇಲೆ ಬೆರಳಿಟ್ಟರೆ ಸಾಕು, ಅಲ್ಲಿ ಏನುಂಟೋ ಅದನ್ನು ಒಂದು ಹೆಣ್ಣು ದನಿ ಹೇಳುತ್ತಿತ್ತು. ಬೇಕಾದದ್ದು ಸಿಕ್ಕಿದರೆ ಎರಡು ಸಲ ಬಡಿಯಬೇಕು, ಆಗ ತೆರೆದುಕೊಳ್ಳುತ್ತದೆ.

ನನಗೆ ಆ ದನಿ ಹಿಡಿಸಲಿಲ್ಲ. ದುಃಖದ ಸುದ್ದಿಯನ್ನೂ ಮದುವೆಯ ಸುದ್ದಿಯನ್ನೂ ಒಂದೇ ರಾಗದಲ್ಲಿ ಹೇಳುವವರನ್ನು ನಂಬುವುದು ಹೇಗೆ? ಒಮ್ಮೆ ಬಸ್ಸಿನಲ್ಲಿ ಅತ್ತಿಗೆ ಕಳಿಸಿದ್ದ ಮನೆಜಗಳವನ್ನೆಲ್ಲ ಅದು ಊರಿಗೇ ಕೇಳುವ ಹಾಗೆ ಓದಿತು. ಪಿನ್ ಒತ್ತುವಾಗ ಅಂಕೆಯನ್ನೂ ಕೂಗಿ ಹೇಳಿತು.

"ನಸೀಮಾ, ಇದು ನನ್ನ ಮಾತೆಲ್ಲ ಕೇಳಿಸಿಕೊಂಡು ಯಾರಿಗಾದರೂ ಹೇಳ್ತದಾ?"

"ಅದಕ್ಕೆ ಬೇರೆ ಕೆಲಸ ಇಲ್ವಾ ಅಕ್ಕ? ಇಯರ್‌ಫೋನ್ ಹಾಕಿ ಮಾರಾಯ್ತಿ!"

ಸುಮಾರು ಒಂದು ವರ್ಷ ಕಳೆದ ಮೇಲೆ ನಸೀಮಾ ಮತ್ತೊಂದು ಆ್ಯಪ್ ಹಾಕಿಕೊಟ್ಟಳು. ಅಚ್ಚಾದ ಹಾಳೆಯ ಮೇಲೆ ಫೋನ್ ಹಿಡಿದರೆ ಅದು ಓದುತ್ತದೆ. ಇವರು ಜೀಪಿನಲ್ಲಿ ಹೊರಟ ಮೇಲೆ ಮಧ್ಯಾಹ್ನ ಬಾಗಿಲು ಮುಂದೆ ಮಾಡಿಕೊಂಡು, ಅದೇ ದಿನದ ಪೇಪರನ್ನು ಹಾಸಿ ಪರೀಕ್ಷೆ ಮಾಡಿದೆ. ಅದು ಪಕ್ಕಪಕ್ಕದ ಎರಡು ಸುದ್ದಿಗಳನ್ನು ಬೆರೆಸಿ ಓದಿತು. ಮಂತ್ರಿಯೊಬ್ಬರು ರಬ್ಬರ್ ಸಸಿಯನ್ನು ಅರ್ಧ ದರಕ್ಕೆ ಉದ್ಘಾಟಿಸಿದರು! ನಾನು ಒಬ್ಬಳೇ ನಕ್ಕೆ. ಆದರೆ ಬೆಳಿಗ್ಗೆ ಇವರು ಓದಿದ್ದ ಆನೆಯ ಸುದ್ದಿ ಮಾತ್ರ ಎಷ್ಟು ಹುಡುಕಿದರೂ ಸಿಗಲಿಲ್ಲ.

ಮೊದಲು ಫೋನನ್ನೇ ಸಂಶಯಿಸಿದೆ. ಮರುದಿನ ಇವರು, "ಗುಂಡ್ಯದಲ್ಲಿ ಲಾರಿ ಕೆಟ್ಟು ನಿಂತು ರಸ್ತೆ ಬಂದ್" ಎಂದು ಓದಿದರು. ಮಧ್ಯಾಹ್ನ ಒಂದೊಂದು ಹಾಳೆಗೂ ನಾಲ್ಕು ಸಲ ಫೋನ್ ಹಿಡಿದೆ. ಗುಂಡ್ಯವೂ ಇಲ್ಲ, ಲಾರಿಯೂ ಇಲ್ಲ. ಮೂರನೆಯ ದಿನ ಮತ್ತೆ ಆನೆ. ಯೋಚಿಸಿ ನೋಡಿದೆ. ಗುಂಡ್ಯದಲ್ಲಿ ಲಾರಿ ನಿಂತದ್ದು, ಗುತ್ತಿಗಾರಿನಲ್ಲಿ ತೋಟಕ್ಕೆ ಆನೆ ಇಳಿದದ್ದು, ಇವನ್ನು ಹೇಳಲು ಪೇಪರು ಬೇಕೇ? ವರ್ಷದ ಯಾವ ದಿನ ಹೇಳಿದರೂ ಸುಳ್ಳಾಗುವ ಸುದ್ದಿಯಲ್ಲ ಅವು.

ಅಂದಿನಿಂದ ನನ್ನ ನೆಮ್ಮದಿ ಹೋಯಿತು. ಇವರಿಗೆ ನನಗೆ ಓದಿ ಹೇಳಿ ಸಾಕಾಗಿದೆ, ಕುರುಡಿಗೆ ಏನು ಹೇಳಿದರೂ ನಡೆಯುತ್ತದೆ ಎಂದುಕೊಂಡಿದ್ದಾರೆ ಎಂದು ತೀರ್ಮಾನಿಸಿದೆ. ಹಾಗಾದರೆ ಹಿಂದೆ ಓದಿದ್ದರಲ್ಲಿ ಎಷ್ಟು ನಿಜ? ಬ್ಯಾಂಕಿನ ಕಾಗದ? ಅಮ್ಮನ ಆಸ್ಪತ್ರೆಯ ಚೀಟಿ? ಒಂದು ಎಳೆ ಜಗ್ಗಿದರೆ ಇಡೀ ಬಟ್ಟೆ ಬಿಚ್ಚಿಕೊಳ್ಳುವ ಹಾಗೆ ಹದಿನೇಳು ವರ್ಷ ಬಿಚ್ಚಿಕೊಂಡಿತು. ಇವರು ಚಹಾ ಹೀರುವ ಸದ್ದಿನಲ್ಲೂ ಕಳ್ಳತನ ಕೇಳಿಸತೊಡಗಿತು.

ಕೊನೆಗೆ ಒಂದು ಬೆಳಿಗ್ಗೆ ಹೋದ ವಾರದ ಪೇಪರಿನ ಒಳಹಾಳೆಯನ್ನು ಮಡಚಿ ಇವರ ಕೈಗೆ ಕೊಟ್ಟೆ. "ಇದರಲ್ಲಿ ಎಂತ ಉಂಟು, ಓದಿ" ಎಂದೆ.

ಇವರು ಗಂಟಲು ಸರಿಮಾಡಿಕೊಂಡರು. "ನಿನ್ನೆ ರಾತ್ರಿ ಸುಳ್ಯದಲ್ಲಿ ಗಾಳಿಮಳೆ. ಮರ ಬಿದ್ದು ಕರೆಂಟು..."

"ಅದು ಹೋದ ವಾರದ ಹಾಳೆ. ಅದರಲ್ಲಿ ಮಳೆಯೂ ಇಲ್ಲ, ಮರವೂ ಇಲ್ಲ."

ಕುರ್ಚಿ ಕಿರುಗುಟ್ಟಿತು. ಬೈಯಲು ಕಟ್ಟಿಟ್ಟಿದ್ದ ಮಾತುಗಳೆಲ್ಲ ನನ್ನ ನಾಲಗೆಯ ತುದಿಯಲ್ಲಿದ್ದವು. ಅಷ್ಟರಲ್ಲಿ ಇವರು ಮೆಲ್ಲಗೆ ಹೇಳಿದರು, "ಅಕ್ಷರ ಕಾಣುದಿಲ್ಲ ಮಾರಾಯ್ತಿ. ಆರು ತಿಂಗಳಾಯ್ತು. ನಡುವಿನಲ್ಲಿ ಕಪ್ಪು ಕಪ್ಪು ಕಾಣ್ತದೆ."

"ನನಗೆ ಯಾಕೆ ಹೇಳಲಿಲ್ಲ?"

"ಹೇಗೆ ಹೇಳುದು? ಈ ಮನೆಯಲ್ಲಿ ಇದ್ದದ್ದೇ ಒಂದು ಜೊತೆ ಕಣ್ಣು."

ಒಡನೆ ಬೇರೊಂದು ನೆನಪಾಯಿತು. "ಜೀಪು?"

"ರಸ್ತೆ ಗೊತ್ತುಂಟಲ್ಲ. ತಿರುವು ಎಲ್ಲ ಕೈಗೇ ಗೊತ್ತು."

"ತಿರುವಿನಲ್ಲಿ ನಿಂತ ಜನ ಕೈಗೆ ಗೊತ್ತಾಗ್ತದಾ?"

ನಾನು ಗೋಡೆಯ ಮೊಳೆಯಿಂದ ಜೀಪಿನ ಕೀ ತೆಗೆದು ಸೆರಗಿಗೆ ಕಟ್ಟಿದೆ. ನಂತರ ಫೋನ್ ಎತ್ತಿಕೊಂಡು, ಜೀಪಿಗೆ ಕಾಯುತ್ತಿದ್ದವರ ಹೆಸರುಗಳನ್ನು ಬೆರಳಿನಿಂದ ಒಂದೊಂದಾಗಿ ಹುಡುಕಿ, ಒಬ್ಬೊಬ್ಬರಿಗೂ "ಇವತ್ತು ಜೀಪು ಇಲ್ಲ" ಎಂದೆ. ಇವರು ಪಕ್ಕದಲ್ಲೇ ಕೂತು ಕೇಳಿದರು. ಮೂರು ದಿನ ನನ್ನ ಹತ್ತಿರ ಮಾತಾಡಲಿಲ್ಲ.

ನಾಲ್ಕನೆಯ ದಿನ ಪುತ್ತೂರಿನ ಕಣ್ಣಿನ ಡಾಕ್ಟರರ ಬಳಿ ಹೋದೆವು. ಸಕ್ಕರೆ ಕಾಯಿಲೆ ಕಣ್ಣಿಗೆ ಇಳಿದಿತ್ತು. ಲೇಸರ್, ಇಂಜೆಕ್ಷನ್, ಉಳಿದ ದೃಷ್ಟಿಯನ್ನು ಕಾಪಾಡಬಹುದು, ಹೋದದ್ದು ಬಹುಶಃ ಬರಲಿಕ್ಕಿಲ್ಲ, ಇನ್ನು ಸ್ಟಿಯರಿಂಗ್ ಹಿಡಿಯುವ ಹಾಗಿಲ್ಲ ಎಂದರು. ಆ ತಿಂಗಳೇ ಜೀಪು ಬೇರೆಯವರ ಪಾಲಾಯಿತು. ಅದು ಅಂಗಳದಿಂದ ಹೊರಡುವಾಗ ಇವರು ಒಳಗೆ ಹೋಗಿ ನಲ್ಲಿ ಬಿಟ್ಟು ಬಹಳ ಹೊತ್ತು ಮುಖ ತೊಳೆದರು.

ನನಗೆ ನಾಚಿಕೆಯಾದದ್ದು ಆಮೇಲೆ. ಆರು ತಿಂಗಳಿಂದ ಇವರ ಅಂಗೈ ಗೋಡೆ ಸವರುವ ಸದ್ದು ಕೇಳುತ್ತಲೇ ಇತ್ತು. ಲೋಟ ಇಡುವ ಮೊದಲು ಮೇಜು ತಡವುವ ಸದ್ದೂ ಕೇಳಿಸುತ್ತಿತ್ತು. ಲೋಕದಲ್ಲಿ ಆ ಸದ್ದುಗಳ ಅರ್ಥ ನನ್ನಷ್ಟು ಯಾರಿಗೆ ಗೊತ್ತು? ಆದರೂ ನನ್ನ ಕಿವಿ ಸುಳ್ಳನ್ನು ಮಾತ್ರ ಹುಡುಕುತ್ತಿತ್ತು. ಸುಳ್ಳು ಸಿಕ್ಕಿತು, ಅದರ ಹಿಂದೆ ನಿಂತಿದ್ದವರ ಹೆದರಿಕೆ ಕೇಳಿಸಲೇ ಇಲ್ಲ.

ಮೊನ್ನೆ ಮತ್ತೆ ಪುತ್ತೂರಿನಿಂದ ಇಂಜೆಕ್ಷನ್ ಮುಗಿಸಿ ಬರುತ್ತಿದ್ದೆವು. ಇವರ ಒಂದು ಕಣ್ಣಿಗೆ ಪಟ್ಟಿ. ಬಸ್ಸು ಎಲ್ಲಿಗೆ ತಲುಪಿತೆಂದು ಫೋನ್ ನನ್ನ ಕಿವಿಯಲ್ಲಿ ಹೇಳುತ್ತಿತ್ತು. ಇವರು ಇದ್ದಕ್ಕಿದ್ದ ಹಾಗೆ, "ನಿನಗೆ ಮೊದಲು ಹೀಗೆ ಆಗುವಾಗ ಹೇಗೆ ಆಗ್ತಿತ್ತು?" ಎಂದು ಕೇಳಿದರು.

ಇಷ್ಟು ವರ್ಷಗಳಲ್ಲಿ ಯಾರೂ ನನ್ನ ಹತ್ತಿರ ಅದನ್ನು ಕೇಳಿರಲಿಲ್ಲ. ಇವರೂ. ನಾನು ಇಯರ್‌ಫೋನ್ ಕಿತ್ತು ಮಡಿಲಲ್ಲಿಟ್ಟುಕೊಂಡು ಹೇಳತೊಡಗಿದೆ. ಕರಿಹಲಗೆಯ ಮೂಲೆ ಮೊದಲು ಮಾಯವಾದದ್ದು, ಹಾಜರಿ ಪುಸ್ತಕ ನೋಡದೆ ಮಕ್ಕಳ ಹೆಸರು ಬಾಯಿಪಾಠದಿಂದ ಕೂಗಿ ಹೆಡ್‌ಮಾಸ್ಟರರಿಗೆ ಎಷ್ಟೋ ತಿಂಗಳು ಗೊತ್ತಾಗದ ಹಾಗೆ ನಟಿಸಿದ್ದು.

"ನೀನೂ ಹಾಗೆ ಮಾಡಿದ್ದಾ?" ಎಂದರು ಇವರು. ದನಿಯಲ್ಲಿ ನಗು ಇತ್ತು.

"ಮತ್ತೆಂತ!"

ಹೇಳುತ್ತಾ ಹೇಳುತ್ತಾ ನಮ್ಮ ಸ್ಟಾಪು ದಾಟಿಹೋಯಿತು. ಕಂಡಕ್ಟರ್ ಬೈದುಕೊಂಡೇ ಮುಂದಿನ ತಿರುವಿನಲ್ಲಿ ಇಳಿಸಿದ. ಒಂದೂವರೆ ಮೈಲಿ ಹಿಂದಕ್ಕೆ ನಡೆಯಬೇಕಿತ್ತು. ಇವರ ತೋಳು ಹಿಡಿದುಕೊಂಡು ಹೊರಟೆ. ಮಾತು ಇನ್ನೂ ಮುಗಿದಿರಲಿಲ್ಲ.