ಪಟ್ಟಿ ಬಿಚ್ಚಿದ ಕಾಲು

ಮೂಡಿಗೆರೆ ಠಾಣೆಯಲ್ಲಿ ನಾನೂ ನನ್ನ ಜೊತೆಗಾರನೂ ಒಂದೇ ವರ್ಷ ಪೇದೆಗಳಾಗಿ ಸೇರಿದವರು. ಒಂದೇ ಕೋಣೆಯಲ್ಲಿ ಚಾಪೆ ಹಾಸುತ್ತಿದ್ದೆವು, ಒಂದೇ ಮಡಕೆಯ ಗಂಜಿ ಕುಡಿಯುತ್ತಿದ್ದೆವು. ಆದರೂ ನನಗೆ ಅವನನ್ನು ಕಂಡರೆ ಹೊಟ್ಟೆಕಿಚ್ಚು. ಮುಚ್ಚಿಟ್ಟು ಪ್ರಯೋಜನವಿಲ್ಲ, ಅದೇ ನಿಜ. ನಾನು ಲಾಠಿ ತೋರಿಸಿ ಗದರಿಸಿದರೂ ಬಾಯಿ ಬಿಡದವರು ಅವನು ಪಕ್ಕದಲ್ಲಿ ಕೂತು ಎಲೆಯಡಿಕೆ ಕೊಟ್ಟರೆ ಸಾಕು, ಮನೆಯ ಕಥೆಯನ್ನೆಲ್ಲ ಹೇಳಿಬಿಡುತ್ತಿದ್ದರು. ದಫೇದಾರರು ನನ್ನೆದುರೇ, "ಇವ್ನ ನೋಡಿ ಕಲಿ ಮಾರಾಯ" ಅನ್ನುತ್ತಿದ್ದರು. ಆ ಮಾತು ಕೇಳಿದ ದಿನ ಗಂಜಿಯೂ ಸೇರುತ್ತಿರಲಿಲ್ಲ.

ಆ ವರ್ಷ ಎಸ್ಟೇಟುಗಳ ಕಣದಿಂದ ಹಣ್ಣಿನ ಸಿಪ್ಪೆ ತೆಗೆದು ಒಣಗಿಸಿದ ಪಾರ್ಚ್‌ಮೆಂಟ್ ಕಾಫಿ ಬೀಜ ಮೂಟೆಗಟ್ಟಲೆ ಕಳುವಾಗತೊಡಗಿತು. ಘಟ್ಟ ಇಳಿದರೆ ಬ್ರಿಟಿಷರ ಸೀಮೆ. ನಾವು ಮಹಾರಾಜರ ಪೊಲೀಸರು. ಮೂಟೆ ಗಡಿ ದಾಟಿತೆಂದರೆ ನಮ್ಮ ಕೈ ಕಟ್ಟಿದಂತೆಯೇ. ಕದ್ದ ಮಾಲು ಕೊಳ್ಳುವವನು ಗೋಣಿಬೀಡಿನ ಸಂತೆಗೆ ಬರುತ್ತಾನೆಂದು ಸುಳಿವು ಸಿಕ್ಕಿತು. ಅವನನ್ನು ಮಫ್ತಿಯಲ್ಲಿ ಹೋಗಿ ಹಿಡಿದವನಿಗೆ ಚಿಕ್ಕಮಗಳೂರಿನಲ್ಲಿ ಪತ್ತೇದಾರನ ಕೆಲಸ ಎಂದರು ಇನ್ಸ್‌ಪೆಕ್ಟರು. ಮೊದಲು ಕಳಿಸಿದ್ದು, ಇನ್ಯಾರನ್ನು, ನನ್ನ ಜೊತೆಗಾರನನ್ನೇ.

ಸಂತೆಯ ದಿನ ಬೆಳಿಗ್ಗೆ ಅವನು ಹಳೇ ಪಂಚೆ ಎತ್ತಿ ಕಟ್ಟಿ, ತಲೆಗೆ ಕಂಬಳಿ ಕೊಪ್ಪೆ ಹಾಕಿ ನನ್ನೆದುರು ನಿಂತ.

"ಹೆಂಗಿದೀನಿ? ಪೊಲೀಸಿನ ವಾಸನೆ ಏನಾದ್ರೂ ಹೊಡೀತದಾ?"

ಹೊಡೆಯುತ್ತಿತ್ತು. ಚಡ್ಡಿ ತೊಡುವ ನಮ್ಮ ಮೊಣಕಾಲು ಬಿಸಿಲಿಗೆ ಕಪ್ಪಾಗಿ, ಅದರ ಕೆಳಗೆ ವರ್ಷಗಟ್ಟಲೆ ಸಮವಸ್ತ್ರದ ಬಟ್ಟೆಪಟ್ಟಿ ಸುತ್ತಿದ ಕಾಲು ಪಾದದವರೆಗೆ ಸಿಪ್ಪೆ ಸುಲಿದ ಗೆಣಸಿನಂತೆ ಬೆಳ್ಳಗಿರುತ್ತಿತ್ತು. ತೋಟದ ಆಳಿನ ಕಾಲಾದರೆ ಜಿಗಣೆ ಕಚ್ಚಿದ ಕಲೆ, ಅದು ಹತ್ತದಿರಲೆಂದು ಹೊಗೆಸೊಪ್ಪು ಸುಣ್ಣ ಬಳಿದ ಗುರುತು. ಒಂದು ಹಿಡಿ ಕೆಮ್ಮಣ್ಣು ತಿಕ್ಕಿದ್ದರೆ ಸಾಕಿತ್ತು. ಅಷ್ಟು ಹೇಳಲು ನನಗೆ ಬಾಯಿ ಬರಲಿಲ್ಲ.

"ಥೇಟ್ ತೋಟದ ಆಳೇ. ಹೋಗು ಮಾರಾಯ" ಎಂದೆ.

ಸಂತೆಯಲ್ಲಿ ಒಣಮೀನು ಮಾರುವ ಹೆಂಗಸೊಬ್ಬಳು ಅವನ ಕಾಲು ನೋಡಿ ಗಟ್ಟಿಯಾಗಿ ನಕ್ಕಳಂತೆ. "ಎಂತ ಪೊಲೀಸ್ನೋರೇ, ಪಟ್ಟಿ ಠಾಣೇಲೇ ಬಿಟ್ಟು ಬಂದ್ರಾ?" ಸುತ್ತಲಿನವರೆಲ್ಲ ತಿರುಗಿ ನೋಡಿದರು. ಮಾಲು ಕೊಳ್ಳುವವನು ಜಾಗ ಖಾಲಿ ಮಾಡಿದ. ಇನ್ಸ್‌ಪೆಕ್ಟರು ಎಲ್ಲರೆದುರು ಅವನಿಗೆ ಮಂಗಳಾರತಿ ಮಾಡಿದರು. ನಾನು ತಲೆ ತಗ್ಗಿಸಿ ನಿಂತಿದ್ದೆ. ಮುಖದ ಮೇಲಿನ ನಗು ಕಾಣಬಾರದಲ್ಲ.

ಎರಡು ಸಂತೆ ಬಿಟ್ಟು ನನ್ನನ್ನು ಕಳಿಸಿದರು. ಕಾಲಿಗೆ ಕೆಮ್ಮಣ್ಣು, ಹೊಗೆಸೊಪ್ಪು, ಸುಣ್ಣ ಎಲ್ಲ ಬಳಿದುಕೊಂಡು ಹೋದೆ. ಅದೇ ಹೆಂಗಸು ನನಗೆ ಮೀನು ಮಾರಿದಳು, ಕಣ್ಣೆತ್ತಿಯೂ ನೋಡಲಿಲ್ಲ. ಸಂಜೆಯೊಳಗೆ ಆ ಮನುಷ್ಯ ಮೂಟೆಸಮೇತ ಸಿಕ್ಕಿಬಿದ್ದ. ತಿಂಗಳು ತುಂಬುವುದರೊಳಗೆ ನನಗೆ ಚಿಕ್ಕಮಗಳೂರಿಗೆ ವರ್ಗದ ಆರ್ಡರು ಬಂತು.

ಹೊರಡುವ ದಿನ ನನ್ನ ಟ್ರಂಕನ್ನು ಅವನೇ ಹೊತ್ತು ಬಸ್ಸಿನ ತನಕ ಬಂದ. ಅದನ್ನು ಮೇಲೇರಿಸಿ, ಕೈ ಒರೆಸಿಕೊಂಡು, ಸಿಟ್ಟಿಲ್ಲದ ದನಿಯಲ್ಲಿ ಹೇಳಿದ:

"ಅವತ್ತು ಹೆಂಗಿದೀನಿ ಅಂತ ಕೇಳ್ದಾಗ ನೀನು ನನ್ನ ಮುಖ ನೋಡ್ಲಿಲ್ಲ. ಕಾಲು ನೋಡ್ದೆ. ಆಮೇಲೆ ಹೋಗು ಅಂದೆ. ಸಂತೇಲಿ ಆ ಹೆಂಗ್ಸು ನಗ್ತಿದ್ದಂಗೇ ನಂಗೆ ಗೊತ್ತಾಯ್ತು."

"ಮತ್ತೆ ಸಾಹೇಬ್ರಿಗೆ ಯಾಕೆ ಹೇಳ್ಲಿಲ್ಲ?"

"ಹೇಳಿದ್ರೆ ಆ ಕೆಲ್ಸ ಇಬ್ರಿಗೂ ಇಲ್ಲದಂಗಾಗ್ತಿತ್ತು. ಹೋಗ್ಬಾ."

ಬಸ್ಸು ಹೊರಟಿತು. ಅವನು ಪಟ್ಟಿ ಬಿಗಿದ ಕಾಲಲ್ಲಿ ಠಾಣೆಯ ಕಡೆ ತಿರುಗಿ ನಡೆದ. ನನಗೆ ನಾಚಿಕೆಯಾಯಿತು, ಸುಳ್ಳಲ್ಲ. ಆದರೆ ಅದಕ್ಕೂ ಮೊದಲು ಹೊಟ್ಟೆ ಉರಿಯಿತು. ಇದನ್ನೂ ಅವನೇ ಪತ್ತೆ ಮಾಡಿದ್ದನಲ್ಲ!