ಅಥಾರಿಟಿ ಇಲ್ಲ

ರಾಯಬಾಗ ತಾಲೂಕಿನ ಒಂದು ಹೈಸ್ಕೂಲಿನಲ್ಲಿ ಇಂಗ್ಲಿಷ್ ಕಲಿಸುತ್ತಿದ್ದ ವರ್ಷಗಳಲ್ಲಿ ‘ಅಥಾರಿಟಿ’ ಎಂಬ ಶಬ್ದವನ್ನು ನಾನು ಹೆಚ್ಚು ಕೇಳಿದ್ದು ಕಬ್ಬಿನ ಹೊಲದ ಬದುವಿನಲ್ಲಿ. ಹುಡುಗರಿಗೆ ‘ಅಧಿಕಾರ’ ಎಂದು ಅರ್ಥ ಬರೆಸುತ್ತಿದ್ದೆ. ಹೊರಗೆ ಅದರ ಬಾಲಕ್ಕೆ ಯಾವಾಗಲೂ ‘ಇಲ್ಲ’ ಇರುತ್ತಿತ್ತು. ತನಗೆ ಅಥಾರಿಟಿ ಇದೆ ಎಂದವರನ್ನು ನಾನು ಅಲ್ಲಿ ಕಾಣಲೇ ಇಲ್ಲ.

ನನ್ನ ಬಾಡಿಗೆ ಮನೆಯ ಹಿಂದೆ ನೆರೆಮನೆಯವರ ಕಬ್ಬು. ಗಂಡ ತೀರಿಕೊಂಡ ಮೇಲೆ ಆ ಮನೆಯ ಹೆಣ್ಣುಮಗಳೇ ಬೇಸಾಯ ನೋಡಿಕೊಳ್ಳುತ್ತಿದ್ದರು. ಊರೆಲ್ಲ ಅವರನ್ನು ವೈನಿ, ಅಂದರೆ ಅತ್ತಿಗೆ, ಎನ್ನುತ್ತಿತ್ತು, ನಾನೂ ಹಾಗೇ ಕರೆಯುತ್ತಿದ್ದೆ. ಆ ವರ್ಷ ಅವರ ಕಬ್ಬು ಹೂ ಬಿಟ್ಟು ನಿಂತಿತ್ತು. ಹೂ ಬಿಟ್ಟ ಮೇಲೆ ಕಬ್ಬು ನಿಂತಷ್ಟೂ ಒಳಗೆ ಬೆಂಡಾಗುತ್ತದೆ, ತೂಕ ಇಳಿಯುತ್ತದೆ. ಕಡಿಯುವ ಆಳುಗಳ ಟೋಳಿಯನ್ನು ಸಕ್ಕರೆ ಕಾರ್ಖಾನೆಯೇ ಪಾಳಿಯ ಪ್ರಕಾರ ಕಳಿಸಬೇಕು.

ಫಟಫಟಿ ಮೇಲೆ ಬಂದ ಕಾರ್ಖಾನೆಯ ಫೀಲ್ಡ್‌ಮನ್‌ನನ್ನು ವೈನಿ ನಿಲ್ಲಿಸಿದರು.

“ಸಾಹೇಬ್ರ, ನಮ್ಮ ಪಾಳಿ ಯಾವಾಗ್ರಿ?”

“ನಂಗ ಅಥಾರಿಟಿ ಇಲ್ರಿ ವೈನಿ. ಆಫೀಸಿನ್ಯಾಗ ಕೇಳ್ರಿ.”

ಶಾಲೆಗೆ ಸೂಟಿಯಿದ್ದ ದಿನ ನಾನೂ ಅವರೊಂದಿಗೆ ಕಾರ್ಖಾನೆಯ ಆಫೀಸಿಗೆ ಹೋದೆ. ಅಲ್ಲಿಯ ಗುಮಾಸ್ತ ಒಳ್ಳೆಯವನು, ಚಹಾ ತರಿಸಿದ. ಅಥಾರಿಟಿ ಮಾತ್ರ ಅವನಿಗೂ ಇರಲಿಲ್ಲ. ಬಸ್ಸಿನಲ್ಲಿ ಬರುವಾಗ ವೈನಿ ಕೇಳಿದರು.

“ಮಾಸ್ತರ, ಅಥಾರಿಟಿ ಅಂದ್ರ ಏನ್ರಿ?”

“ಅಧಿಕಾರ ಅಂತ.”

“ಅದು ಯಾರ ಹಂತೇಕ ಐತಿ?”

“ಗೊತ್ತಿಲ್ರಿ.”

“ಹಂಗಾರ ನೀವೂ ಅವರ ಪೈಕಿನ ಬಿಡ್ರಿ,” ಎಂದು ನಕ್ಕರು.

ಸುಟ್ಟ ಕಬ್ಬನ್ನು ಕಾರ್ಖಾನೆ ಪಾಳಿಗೆಂದು ನಿಲ್ಲಿಸುವುದಿಲ್ಲ. ತಡವಾದರೆ ರಸ ಹುಳಿಯುತ್ತದೆ. ಬಿಲ್ಲಿನಲ್ಲಿ ಕಡಿತ ಹಿಡಿದಾದರೂ ಒಯ್ಯುತ್ತಾರೆ. ಪಾಳಿ ಸಿಗದವರು ತಮ್ಮ ಕಬ್ಬಿಗೆ ತಾವೇ ಕಡ್ಡಿ ಗೀರುವುದು ಆ ಕಡೆ ಎಲ್ಲರಿಗೂ ಗೊತ್ತಿದ್ದ ದಾರಿ. ಬಾಯಿಬಿಟ್ಟು ಹೇಳುವವರಿರಲಿಲ್ಲ.

ಒಂದು ಸಂಜೆ ಶಾಲೆಯಿಂದ ಬಂದಾಗ ವೈನಿ ಪಕ್ಕದ ಹೊಲದ ಗಡಿಗುಂಟ ನೀರು ಸುರಿಯುತ್ತಿದ್ದರು. ಆಮೇಲೆ ಕಬ್ಬಿನೊಳಗೆ ಹೋಗಿ ಬೇಗನೆ ಹೊರಬಂದರು. ಉರಿ ಬದುವಿನ ಬೇವಿನ ಮರಕ್ಕಿಂತ ಮೇಲೆ ಎದ್ದಿತು. ಕಬ್ಬಿನ ಗಣಿಕೆಗಳು ಪಟಪಟ ಸಿಡಿಯುತ್ತಿದ್ದವು. ವೈನಿ ಸೆರಗನ್ನು ಮೂಗಿಗೆ ಹಿಡಿದು, ಇರಬೇಕಾದದ್ದಕ್ಕಿಂತ ಹತ್ತಿರ ನಿಂತಿದ್ದರು. ನಾನು ಬಕೆಟ್ಟು ಹಿಡಿದಿದ್ದೆ; ಎಲ್ಲಿ ಸುರಿಯಬೇಕೆಂದು ತಿಳಿಯಲಿಲ್ಲ. ಕಬ್ಬು ಸಿಡಿಯುವ ಆ ಸಪ್ಪಳ ಇಂದಿಗೂ ನನ್ನನ್ನು ಬಿಟ್ಟಿಲ್ಲ.

ಮರುದಿನ ಬೆಳಗ್ಗೆಯೇ ಟೋಳಿ ಎತ್ತಿನ ಗಾಡಿಗಳೊಂದಿಗೆ ಬಂತು. ಹಿಂದೆಯೇ ಫೀಲ್ಡ್‌ಮನ್.

“ಬೆಂಕಿ ಹ್ಯಾಂಗ ಹತ್ತಿತ್ರಿ ವೈನಿ?”

“ಯಾಂವರೆ ಬೀಡಿ ಒಗದಿರಬೇಕ್ರಿ.”

“ಈ ಸಲ ಬೀಡಿ ಸೇದಾವ್ರು ಭಾಳ ಆಗ್ಯಾರ ಬಿಡ್ರಿ,” ಎಂದು ಅವನು ಫಟಫಟಿ ತಿರುಗಿಸಿದ.

ಸಿಟ್ಟು ಬಂದದ್ದು ಟೋಳಿಯಲ್ಲಿದ್ದ ಒಬ್ಬ ಮರಾಠಿ ಹೆಂಗಸಿಗೆ. ಕಬ್ಬಿನ ಹಸಿರು ತುದಿಯೇ ಅವರ ಎತ್ತುಗಳ ಮೇವು. ಅದೆಲ್ಲ ಸುಟ್ಟು ಕರಿಯಾಗಿತ್ತು. “ಬೈಲಾನಾ ಕಾಯ್ ಘಾಲೂ?” ಎಂದಳು: ಎತ್ತಿಗೇನು ಹಾಕಲಿ? ಮೇವಿಲ್ಲದೆ ಗಾಡಿ ಹೂಡುವುದಿಲ್ಲ ಎಂದು ಕುಡುಗೋಲು ಕೆಳಗಿಟ್ಟು ಕುಳಿತಳು.

“ಥಾಂಬ ಬಾಯಿ,” ಸ್ವಲ್ಪ ತಾಳು ಎಂದು ವೈನಿ ಮನೆಯ ಕಡೆ ನಡೆದರು. ತಮ್ಮ ಎಮ್ಮೆಯ ಮೇವಿಗೆಂದು ಒಟ್ಟಿದ್ದ ಜೋಳದ ಕಣಿಕೆಯನ್ನೆಲ್ಲ ಹೊರೆಹೊರೆಯಾಗಿ ತಂದು ಎತ್ತುಗಳ ಮುಂದೆ ಹಾಕಿದರು. ನಾನೂ ಹೊತ್ತೆ. ಸಂಜೆಯಾಗುವಾಗ ಕೊನೆಯ ಗಾಡಿ ಕಾರ್ಖಾನೆಯ ಹಾದಿ ಹಿಡಿಯಿತು. ವೈನಿ ಬೂದಿಯಲ್ಲೇ ಕುಳಿತು ಅದು ಮರೆಯಾಗುವವರೆಗೆ ನೋಡಿದರು. ಹಿತ್ತಲಲ್ಲಿ ಎಮ್ಮೆ ಒದರುತ್ತಿತ್ತು.

“ಮಾಸ್ತರ, ಎಮ್ಮಿಗೆ ನಾಳಿಗೆ ಯಾರ ಹೊಲದಾಗರೆ ಹಸಿ ಹುಲ್ಲು ಸಿಗತೈತೇನ್ರಿ?” ಎಂದರು.